ಪಾರ್ಟಿಯೊಳಗೇ ಪ್ರೀತಿ ಶುರುವಾಗಿದೆ, ಡಿಎಂ ಆದವರು ಹೇಗೆ ಸಂಭಾಳಿಸ್ತೀರಿ?

ಕ್ಯಾತ್ಸಂದ್ರ ಡಿಎಂ:
ತುಮಕೂರಿನಲ್ಲಿ ಭಾನುವಾರ ಮಧ್ಯಾಹ್ನ ಆಡೋ ಗುಂಪು ನಮ್ಮದು. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಹಾಕ್ತಾ ಪಾತ್ರವಾಗಿ ಕಥೆ ಆಡೋ ಆಟ) ಐದನೇ ಆವೃತ್ತಿ, 2014ರ ನಿಯಮ, ಕಥೆ ನಡೆಸೋ ಡಿಎಂ ನಾನು, ಪಾರ್ಟಿ ಅಂದ್ರೆ ಪಾತ್ರಗಳ ತಂಡದಲ್ಲಿ ಐದು ಆಟಗಾರರು, ಮೂರು ಗಂಟೆ ಸೆಷನ್. ಕಥೆ ನಡೆಯೋದು ಮಧುಗಿರಿ ಬೆಟ್ಟದ ಥರದ ಏಕಶಿಲೆಯ ಕೋಟೆಯಲ್ಲಿ. ರೇಂಜರ್ (ಕಾಡು ಬಲ್ಲ ಹೋರಾಟಗಾರ್ತಿ) ಚಂಪಾಗೂ ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕೋನು) ಭೈರನಿಗೂ ಮಧ್ಯೆ ಏನೋ ಶುರುವಾಗಿದೆ. ಆ ಪಾತ್ರ ಆಡೋ ಇಬ್ಬರು ಹೊರಗೆ ಬರೀ ಸ್ನೇಹಿತರು, ಹುಡುಗಿಗೆ ಬೇರೆ ಕಡೆ ಮದುವೆ ನಿಶ್ಚಯವಾಗಿದೆ. ಆ ದೃಶ್ಯ ಬಂದರೆ ಉಳಿದ ಮೂವರು ಮೊಬೈಲ್ ತೆಗೀತಾರೆ. ಭೈರನ ಆಟಗಾರ ‘ಪರ್ಸುಯೇಷನ್ ರೋಲ್ (ಮನವೊಲಿಸೋಕೆ ದಾಳ ಹಾಕೋದು) ಮಾಡಿ ಅವಳನ್ನ ಒಪ್ಪಿಸಲಾ’ ಅಂತ ಬೇರೆ ಕೇಳ್ತಾನೆ. ಆಡೋದು ಮನೆ ಹಾಲ್‌ನಲ್ಲಿ, ಅಡುಗೆಮನೆಗೆ ಎಲ್ಲಾ ಕೇಳುತ್ತೆ. ಏನು ಮಾಡಲಿ?

ಗುಬ್ಬಿ ಗೋಬ್ಲಿನ್:
ಮೊದಲು ರೋಲ್ ವಿಷಯ ಮುಗಿಸಿ. ಪರ್ಸುಯೇಷನ್ ಇರೋದು ಡಿಎಂ ಆಡಿಸೋ ಪಾತ್ರಗಳಾದ ಎನ್‌ಪಿಸಿಗಳಿಗೆ. ಚಂಪಾಗೆ ಏನನ್ನಿಸುತ್ತೆ ಅನ್ನೋದನ್ನ ಚಂಪಾ ಆಡೋರೇ ಹೇಳಬೇಕು, ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೂ ಅಷ್ಟೇ. ದಾಳ ಬೇಕೇ ಬೇಕು ಅಂದರೆ ಅಡ್ಡಿ ಆತಂಕಗಳ ಮೇಲೆ ಹಾಕಿಸಿ. ರಾತ್ರಿ ಕಾವಲು ತಪ್ಪಿಸಿ ಬುರುಜು ಹತ್ತಿ ಅವಳನ್ನ ನೋಡೋಕೆ ಹೋಗಬೇಕಾ? ಅಥ್ಲೆಟಿಕ್ಸ್ ರೋಲ್, ಡಿಸಿ (ಗೆಲ್ಲೋಕೆ ಬೇಕಾದ ಅಂಕಿ) 15. ಸೋತರೆ ಕಾವಲುಗಾರ ಎಚ್ಚರಾಗ್ತಾನೆ, ಪ್ರೀತಿಗೇನೂ ಆಗಲ್ಲ.

ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ವಾಟ್ಸಾಪ್ ಗ್ರೂಪಲ್ಲಿ ಕೇಳಬೇಡಿ, ಹತ್ತು ಜನರ ಎದುರು ಯಾರೂ ‘ಬೇಡ’ ಅನ್ನಲ್ಲ. ಇದು ಮುಂದುವರೀಲಾ? ಎಲ್ಲಿವರೆಗೆ: ಮಾತಷ್ಟೇನಾ, ಕೈ ಹಿಡಿಯೋದಾ, ಮದುವೆನಾ? ಜಗಳವಾಗಿ ಬಿಟ್ಟುಹೋದರೆ ಪರವಾಗಿಲ್ವಾ? ಹೊರಗಿನವರಿಗೆ ಇದು ಗೊತ್ತಾದರೆ ತೊಂದರೆ ಇದೆಯಾ? ನಿಶ್ಚಯವಾಗಿರೋ ಹುಡುಗಿಗೆ ಈ ಕೊನೇ ಪ್ರಶ್ನೆಯೇ ದೊಡ್ಡದು. ಸೆಷನ್ನಿನ ಫೋಟೋ, ‘ಭೈರ–ಚಂಪಾ ಜೋಡಿ’ ಅನ್ನೋ ಸ್ಟೇಟಸ್ ಎಲ್ಲಾ ಅವತ್ತಿಂದಲೇ ನಿಲ್ಲಲಿ. ಒಬ್ಬರು ಅನುಮಾನಿಸಿದರೂ ಅದನ್ನ ‘ಇಲ್ಲ’ ಅಂತಲೇ ಲೆಕ್ಕ ಹಾಕಿ. ಯಾರು ಬೇಡ ಅಂದರು ಅಂತ ಇನ್ನೊಬ್ಬರಿಗೆ ಹೇಳಬೇಡಿ, ಕಥೆಯಲ್ಲಿ ಭೈರನ ದೇವರು ಒಂದು ವ್ರತ ಹಾಕಿದರೆ ಮುಗೀತು.

ಶಿರಾ ಕಡೆಯವನು:
ಐದು ಜನರ ಟೇಬಲ್ಲಿಗೆ ಇದೆಲ್ಲಾ ಯಾಕ್ರೀ? ಪ್ರೀತಿ ಎನ್‌ಪಿಸಿ ಜೊತೆ ಇಟ್ಟುಕೊಳ್ಳಲಿ, ಪಾರ್ಟಿಯೊಳಗೆ ಬೇಡ ಅಂತ ಮೊದಲ ದಿನವೇ ಹೇಳಿಬಿಡೋದು ಒಳ್ಳೇದು.

ತಿಪಟೂರು ಪ್ಯಾಲಡಿನ್:
ಮೊದಲ ದಿನ ಹೇಳಬಹುದಿತ್ತು, ನಿಜ. ಅರ್ಧ ದಾರೀಲಿ ಬ್ಯಾನ್ ಮಾಡಿದರೆ ಅದು ಟೇಬಲ್ ಕೆಳಗೆ ನಡಿಯುತ್ತೆ ಅಷ್ಟೇ.

ನಿಯಮದ ಕಡೆಯಿಂದ ಹೇಳ್ತೀನಿ, ಯಾಕಂದ್ರೆ ಭೈರ ಕ್ಲೆರಿಕ್. ಮೂರನೇ ಲೆವೆಲ್ ಆದ ತಕ್ಷಣ ವಾರ್ಡಿಂಗ್ ಬಾಂಡ್ ಅನ್ನೋ ರಕ್ಷಣೆಯ ಮಂತ್ರ ಕೇಳ್ತಾನೆ ನೋಡಿ. ತಲಾ 50 ಚಿನ್ನದ ಬೆಲೆಯ ಎರಡು ಪ್ಲಾಟಿನಂ ಉಂಗುರ, ಇಬ್ಬರೂ ಹಾಕ್ಕೋಬೇಕು. ಒಂದು ಗಂಟೆ ಕಾಲ, 60 ಅಡಿ ಒಳಗಿದ್ದರೆ ಚಂಪಾಗೆ ಎಸಿಗೂ (ಏಟು ತಾಗದ ಹಾಗೆ ಕಾಯೋ ಅಂಕಿ), ಅಪಾಯ ತಪ್ಪಿಸೋಕೆ ಹಾಕೋ ರೋಲ್ ಆದ ಸೇವ್‌ಗೂ +1, ಎಲ್ಲಾ ಏಟೂ ಅರ್ಧ. ಆದರೆ ಅವಳಿಗೆ ತಗುಲಿದಷ್ಟೇ ಏಟು ಭೈರನಿಗೂ ಬೀಳುತ್ತೆ. ಎಡವಟ್ಟಾಗೋದು ಇಲ್ಲೇ. ಅವನು ಬ್ಲೆಸ್ (ಜೊತೆಗಾರರ ರೋಲ್‌ಗೆ ಬಲ ಕೊಡೋ, ಗಮನ ಹಿಡಿದಿಡಬೇಕಾದ ಮಂತ್ರ) ಹಿಡ್ಕೊಂಡಿದ್ದರೆ ಅವಳಿಗೆ ಬಿದ್ದ ಪ್ರತಿ ಏಟಿಗೂ ಇವನು ಕಾನ್ಸಂಟ್ರೇಷನ್ ಸೇವ್ ಮಾಡಬೇಕು, ಸೋತರೆ ಬ್ಲೆಸ್ ಸಿಕ್ಕಿದ್ದ ಎಲ್ಲರಿಗೂ ಅದು ಹೋಗುತ್ತೆ. ಹೀಲಿಂಗ್ ಸ್ಲಾಟ್ (ದಿನಕ್ಕೆ ಇಷ್ಟೇ ಅಂತ ಇರೋ ಮಂತ್ರದ ಲೆಕ್ಕ) ಎಲ್ಲಾ ಚಂಪಾಗೆ ಸುರಿದು ಮುಂದೆ ನಿಂತ ಫೈಟರ್ ಬಿದ್ದ ಅಂದ್ರೆ ಉಳಿದವರ ಸಿಟ್ಟು ನ್ಯಾಯವೇ. ದಿನಕ್ಕೆ ಎರಡು ಸ್ಲಾಟ್ ಇಡೀ ಪಾರ್ಟಿಗೆ ಮೀಸಲು ಅಂತ ಪಾತ್ರಗಳೇ ಮಾತಾಡಿಕೊಳ್ಳಲಿ.

ಮದುವೆವರೆಗೆ ಹೋದರೆ ಕ್ಸಾನಥಾರ್ ಅನ್ನೋ ಹೆಚ್ಚುವರಿ ನಿಯಮದ ಪುಸ್ತಕದಲ್ಲಿ ಸೆರೆಮನಿ ಅಂತ ಮೊದಲ ಲೆವೆಲ್ ಮಂತ್ರ ಇದೆ. 25 ಚಿನ್ನದ ಬೆಳ್ಳಿಪುಡಿ, ಒಂದು ಗಂಟೆ ವಿಧಿ, ಏಳು ದಿನ ಇಬ್ಬರೂ 30 ಅಡಿ ಒಳಗಿದ್ದರೆ ಎಸಿಗೆ +2. ಇದರ ಆಸೆಗೆ ಒಟ್ಟಿಗೇ ನಿಲ್ತಾರೆ, ಎದುರಾಳಿ ಒಟ್ಟಿಗಿದ್ದವರನ್ನೆಲ್ಲಾ ಸುಡೋ ಫೈರ್‌ಬಾಲ್ ಎಸೀತಾನೆ. ಅದಕ್ಕೆ ಬೇಕಿರೋದು ಡೆಕ್ಸ್ಟೆರಿಟಿ (ಚುರುಕುತನ) ಸೇವ್, ಎಸಿ ಕೆಲಸಕ್ಕೆ ಬರಲ್ಲ. ಮದುವೆಯ ಮರುದಿನ ಒಂದು ಸಲ ಹೀಗೆ ಮಾಡಿ, ಬುದ್ಧಿ ಬರುತ್ತೆ. ಇನ್ನು ಚಾರ್ಮ್ ಪರ್ಸನ್: ಅದರಿಂದ ಎದುರಿನವರು ನಿಮ್ಮನ್ನ ಪರಿಚಯದ ಸ್ನೇಹಿತ ಅಂದ್ಕೋತಾರೆ, ಒಂದು ಗಂಟೆ ಮಾತ್ರ, ಮುಗಿದ ಮೇಲೆ ಮಂತ್ರ ಹಾಕಿದ್ದು ಅವರಿಗೆ ಗೊತ್ತಾಗುತ್ತೆ. ಪಾರ್ಟಿಯವರ ಮೇಲೆ ಅದನ್ನ ಬಿಡಲೇಬೇಡಿ.

ಎಸ್‌ಎಸ್ ಪುರಂ ಬಾರ್ಡ್:
ಮೊಬೈಲ್ ತೆಗೆಯೋ ಮೂವರ ಬಗ್ಗೆ. ಮೂರು ಗಂಟೆ ಸೆಷನ್ನಿಗೆ ಐದು ನಿಮಿಷದ ಎರಡು ದೃಶ್ಯ ಸಾಕು. ಶುರು ಮಾಡೋ ಮೊದಲೇ ‘ಈ ದೃಶ್ಯದಲ್ಲಿ ಏನು ತೀರ್ಮಾನ ಆಗಬೇಕು’ ಅಂತ ಇಬ್ಬರಲ್ಲೊಬ್ಬರು ಹೇಳಲಿ. ಅದು ಆದ ತಕ್ಷಣ ಕತ್ತರಿಸಿ, ಅವರು ಇನ್ನೂ ಮಾತಾಡ್ತಿದ್ದರೂ ಸರಿ. ಎಳೆದಷ್ಟೂ ಸಪ್ಪೆ. ಉಳಿದವರಿಗೆ ಸಣ್ಣ ಪಾತ್ರ ಕೊಡಿ: ಒಬ್ಬ ಕೋಟೆ ಬಾಗಿಲ ಮುದುಕ, ಒಬ್ಬಳು ಚಂಪಾಳ ಚಿಕ್ಕಮ್ಮ, ಇನ್ನೊಬ್ಬ ಕಾಗದ ತಲುಪಿಸೋನು. ಚಿಕ್ಕಮ್ಮನ ಪಾತ್ರ ಸಿಕ್ಕವರು ಮೊಬೈಲ್ ಮರೀತಾರೆ, ಗ್ಯಾರಂಟಿ.

ಪ್ರೀತಿಯನ್ನ ಮುಖ್ಯ ಕಥೆಗೆ ಕಟ್ಟಿ. ಚಂಪಾಳ ಪಾತ್ರದ ವಿವರ ಬರೆಯೋ ಶೀಟಿನ ಬಾಂಡ್ (ನಂಟು) ಜಾಗದಲ್ಲಿ ‘ಭೈರನನ್ನ ಬಿಟ್ಟು ಕೋಟೆಯಿಂದ ಇಳಿಯಲ್ಲ’ ಅಂತ ಬರೆಸಿ. ಅದು ಅವಳಿಗೆ ನಷ್ಟ ತರೋ ಹಾಗೆ ಆಡಿದಾಗ ಮುಂದೊಂದು ರೋಲ್‌ಗೆ ಬಲ ಕೊಡೋ ಇನ್‌ಸ್ಪಿರೇಷನ್ ಕೊಡಿ. ಅದನ್ನ ಅವಳು ಇನ್ನೊಬ್ಬ ಆಟಗಾರನಿಗೆ ದಾಟಿಸಬಹುದು ಅನ್ನೋದನ್ನೂ ನೆನಪಿಸಿ.

ಮನೆ ಹಾಲ್ ಅಂದ್ರಲ್ಲ, ಅದಕ್ಕೆ ಸುಲಭ ಉಪಾಯ: ‘ನಾನು ನಿನ್ನನ್ನ’ ಅಂತ ಆಡಿಸಬೇಡಿ, ‘ಭೈರ ಅವಳಿಗೆ ಹೀಗಂತಾನೆ’ ಅಂತ ಹೇಳಿಸಿ. ಅಡುಗೆಮನೆಗೆ ಕಥೆ ಓದಿದ ಹಾಗೆ ಕೇಳುತ್ತೆ, ಆಡೋರಿಗೂ ಮುಜುಗರ ಕಮ್ಮಿ. ಮುತ್ತಿನ ಹತ್ತಿರ ಬಂದರೆ ಡಿಎಂ ‘ಬೆಳಗಾಯ್ತು’ ಅನ್ನಬೇಕು. ಟೇಬಲ್ಲಲ್ಲಿ 18 ತುಂಬದವರು ಯಾರಾದರೂ ಇದ್ದರೆ ನಾಚಿಕೆ, ಕಾಗದದ ಹಂತ ದಾಟಲೇಬಾರದು.

ಗುಬ್ಬಿ ಗೋಬ್ಲಿನ್:
ಬಾರ್ಡ್ ಹೇಳಿದ ‘ಬೆಳಗಾಯ್ತು’ ಅನ್ನೋದಕ್ಕೆ ವೇಲ್ ಅಂತಾರೆ, ಬರಲೇಬಾರದ್ದಕ್ಕೆ ಲೈನ್. ಆಟಗಳ ವಿನ್ಯಾಸಕ ರಾನ್ ಎಡ್ವರ್ಡ್ಸ್ ಹಾಕಿಕೊಟ್ಟ ಪದ್ಧತಿ. ಜೊತೆಗೆ ಜಾನ್ ಸ್ಟಾವ್ರೊಪೌಲೋಸ್ ಅವರ ಎಕ್ಸ್ ಕಾರ್ಡ್: ಒಂದು ರಟ್ಟಿನ ಮೇಲೆ ದೊಡ್ಡದಾಗಿ ಎಕ್ಸ್ ಬರೆದು ಟೇಬಲ್ ಮಧ್ಯೆ ಇಡಿ. ಯಾರು ಮುಟ್ಟಿದರೂ ಅಲ್ಲಿಗೆ ದೃಶ್ಯ ನಿಲ್ಲುತ್ತೆ, ಕಾರಣ ಕೇಳೋ ಹಾಗಿಲ್ಲ. ಮೊದಲ ಸಲ ಡಿಎಂ ನೀವೇ ಯಾವುದಾದರೂ ಸಣ್ಣ ವಿಷಯಕ್ಕೆ ಮುಟ್ಟಿ ತೋರಿಸಿ, ಇಲ್ಲಾಂದ್ರೆ ಅದು ಬೋಂಡಾ ತಟ್ಟೆಯ ಕೆಳಗೇ ಉಳಿಯುತ್ತೆ.

ಪಾವಗಡ ಪೆಂಡ್ರಾಗನ್:
ಪ್ರೀತಿಯನ್ನೇ ಆಟದ ನಿಯಮ ಮಾಡಿದ ಆಟಗಳೂ ಇವೆ, ಒಂದು ಭಾನುವಾರ ಆಡಿ ನೋಡಿ. 1985ರ ಪೆಂಡ್ರಾಗನ್‌ನಲ್ಲಿ ಪ್ಯಾಷನ್‌ಗಳಿಗೆ (ಪ್ರೀತಿಯಂಥ ತೀವ್ರ ಭಾವಗಳಿಗೆ) ಅಂಕಿ ಇರುತ್ತೆ, ಇಪ್ಪತ್ತು ಮುಖದ ಡಿ20 ಹಾಕಿ ಗೆದ್ದರೆ ಕತ್ತಿಗೆ ಹುರುಪು, ಸೋತರೆ ಮನಸ್ಸು ಕುಸಿಯುತ್ತೆ. ಸ್ಟಾರ್ ಕ್ರಾಸ್ಡ್ ಇಬ್ಬರೇ ಆಡೋದು, ಮರದ ತುಂಡುಗಳ ಗೋಪುರ ಬಿದ್ದಾಗಲೇ ಪಾತ್ರಗಳು ಮನಸ್ಸಿನಂತೆ ನಡ್ಕೊಳ್ಳೋದು. ನಿಮ್ಮ ಇಬ್ಬರಿಗೆ ಮಾತ್ರ ಇದನ್ನ ಕೊಡಬೇಡಿ ಮತ್ತೆ.

ಕ್ಯಾತ್ಸಂದ್ರ ಡಿಎಂ:
ತುಂಬಾ ಥ್ಯಾಂಕ್ಸ್. ಇನ್ನೊಂದು: ಮದುವೆಯಾದ ಮೇಲೆ ಅವಳು ಬೆಂಗಳೂರಿಗೆ ಹೋಗ್ತಾಳೆ, ಆಡೋಕೆ ಬರೋದು ಅನುಮಾನ. ಚಂಪಾ ಏನಾಗ್ತಾಳೆ?

ತಿಪಟೂರು ಪ್ಯಾಲಡಿನ್:
ಅವಳನ್ನೇ ಕೇಳಿ, ಅವಳಿಲ್ಲದಾಗ ಸಾಯಿಸಬೇಡಿ. ಶೀಟ್ ಬೇರೆ ಆಟಗಾರರಿಗೆ ಕೊಡೋದೂ ಬೇಡ, ಪ್ರೀತಿಯ ಮಾತನ್ನ ಇನ್ನೊಬ್ಬರು ಅವಳ ಪರವಾಗಿ ಆಡಿದ ಹಾಗಾಗುತ್ತೆ. ದೂರದ ಕೋಟೆಯೊಂದರ ಕಾವಲಿಗೆ ಕಳಿಸಿ. ಐದನೇ ಲೆವೆಲ್ಲಿಗೆ ಭೈರನಿಗೆ ದೂರಕ್ಕೆ ಸಂದೇಶ ಕಳಿಸೋ ಸೆಂಡಿಂಗ್ ಮಂತ್ರ ಸಿಗುತ್ತೆ: 25 ಪದ ಅವನದು, ತಕ್ಷಣ ಉತ್ತರ ಅವಳದು. ಅವಳಿಗೆ ಇಷ್ಟ ಇದ್ದರೆ ಆ ಉತ್ತರವನ್ನ ಬೆಂಗಳೂರಿಂದ ನಿಮ್ಮ ನಂಬರ್‌ಗೆ ಟೈಪ್ ಮಾಡಿ ಕಳಿಸಲಿ, ಟೇಬಲ್ಲಲ್ಲಿ ನೀವು ಓದಿ. ಉತ್ತರ ಬರದಿದ್ದರೆ ಆ ವಾರ ಚಂಪಾ ಕಾವಲಿನಲ್ಲಿ ಬಿಜಿ.