ಅಬಾರ್ತ್ ಪುಂಟೋ: ಟ್ರ್ಯಾಕಿನಲ್ಲಿ ಬ್ರೇಕ್ ಪೆಡಲ್ ಕೆಳಗೆ ಹೋಗುತ್ತಿದೆ, ದೊಡ್ಡ ಬ್ರೇಕ್ ಕಿಟ್ ಹಾಕಿಸಬೇಕಾ?

ಬದಿಯಡ್ಕ_ಪುಂಟೋ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಕಡೆಯವನು, ಬದಿಯಡ್ಕ. ಕಾರು 2016ರ ಅಬಾರ್ತ್ ಪುಂಟೋ, ಕೆಎಲ್ 14 ನಂಬರು, ಸೆಕೆಂಡ್ ಹ್ಯಾಂಡ್ ತಗೊಂಡದ್ದು. 1.4 ಲೀಟರ್ ಟಿ-ಜೆಟ್ ಟರ್ಬೊ ಎಂಜಿನ್, 145 ಪಿಎಸ್, ನಾಲ್ಕೂ ಚಕ್ರಕ್ಕೆ ಡಿಸ್ಕ್. ಎಂಜಿನ್ ಮುಟ್ಟಿಲ್ಲ. ಮುಟ್ಟುವ ಧೈರ್ಯವೂ ಇಲ್ಲ, ಫಿಯೆಟ್ ಪಾರ್ಟ್ಸ್ ಹುಡುಕುವ ಕಷ್ಟ ನಿಮಗೆ ಗೊತ್ತೇ ಉಂಟು.

ಕಳೆದ ತಿಂಗಳು ಮೊದಲ ಸಲ ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಹೋಗಿದ್ದೆ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. 2.1 ಕಿಲೋಮೀಟರಿನ ಸಣ್ಣ ಟ್ರ್ಯಾಕು, ತಿರುವುಗಳು ಒಂದರ ಹಿಂದೆ ಒಂದು. ಮೊದಲ ಮೂರು ಸುತ್ತು ಮಜಾ. ನಾಲ್ಕನೇ ಸುತ್ತಿನಿಂದ ಪೆಡಲ್ ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಯತೊಡಗಿತು. ಆರನೆಯದರಲ್ಲಿ ಗಾಳಿ ಇಲ್ಲದ ಸೈಕಲ್ ಟ್ಯೂಬ್ ಒತ್ತಿದ ಹಾಗೆ ಆಯಿತು. ತಿರುವು ಸಿಗಲೇ ಇಲ್ಲ, ನೇರ ಹೊರಗಿನ ಮಣ್ಣಿಗೆ ಹೋದೆ. ಕಾರಿಗೆ ಏನೂ ಆಗಲಿಲ್ಲ, ಮಾನ ಮಾತ್ರ ಹೋಯಿತು.

ಇನ್ನೊಂದು ಕತೆ. ಆರು ತಿಂಗಳ ಹಿಂದೆ ಕಾರು ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ್ದೆ, 35 ಮಿಮೀ. ಶಾಕ್ಸ್ (ಶಾಕ್ ಅಬ್ಸಾರ್ಬರ್) ಕಂಪನಿಯದ್ದೇ. ಈಗ ಹೊಂಡಕ್ಕೆ ಬಿದ್ದರೆ ಕುಂಡೆಗೆ ಯಾರೋ ಒದ್ದ ಹಾಗೆ. ಟ್ರ್ಯಾಕಿನ ಅಂಚು ಹತ್ತಿದರೆ ಕಾರು ಹಾರುತ್ತದೆ.

ಇಲ್ಲಿಯ ಒಂದು ಗ್ಯಾರೇಜಿನವರು "ದೊಡ್ಡ ಡಿಸ್ಕು, ನಾಲ್ಕು ಪಿಸ್ಟನಿನ ಕ್ಯಾಲಿಪರ್ ಹಾಕ್ಸಿ, ಒಂದೂವರೆ ಲಕ್ಷಕ್ಕೆ ಮುಗಿಸಿ ಕೊಡುವಾ" ಎಂದರು. ಕ್ಯಾಲಿಪರ್ ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ. ಅಡಿಕೆಗೆ ರೇಟು ಇರುವಾಗಲೇ ಹಾಕಿಸಿಬಿಡಲಾ ಅಂತ ಯೋಚನೆ. ಹೇಳಿ ಮಾರಾಯ್ರೆ.

ಹೊಸೂರು_ಮೂರನೇಗೇರ್

ದುಡ್ಡು ಕೊಡಬೇಡಿ, ಸ್ವಲ್ಪ ತಡೆಯಿರಿ. ಮೊದಲು ನಾಲ್ಕು ಪ್ರಶ್ನೆ.

ಬ್ರೇಕ್ ಆಯಿಲ್ ಕೊನೆಗೆ ಯಾವಾಗ ಬದಲಿಸಿದ್ದು? ಪ್ಯಾಡ್ ಯಾವುದು? ಪೆಡಲ್ ಕೆಳಗೆ ಹೋದಾಗ ಮೆತ್ತಗಿತ್ತಾ, ಇಲ್ಲಾ ಗಟ್ಟಿಯಾಗಿದ್ದೂ ಕಾರು ನಿಲ್ಲಲಿಲ್ಲವಾ? ಪಿಟ್‌ಗೆ (ಟ್ರ್ಯಾಕ್ ಪಕ್ಕದ ನಿಲುಗಡೆಗೆ) ಬಂದು ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತಾ?

ಮೂರನೇ ಪ್ರಶ್ನೆಯೇ ಮುಖ್ಯ. ಪೆಡಲ್ ಗಟ್ಟಿ, ಹಿಡಿತ ಇಲ್ಲ ಅಂದರೆ ಪ್ಯಾಡ್ ಕಾದು ಕೈಕೊಟ್ಟಿದೆ. ಪೆಡಲ್ಲೇ ಮೆತ್ತಗಾಗಿ ನೆಲ ಮುಟ್ಟಿದರೆ ಆಯಿಲ್ ಕುದಿದಿದೆ. ಎರಡಕ್ಕೂ ಔಷಧಿ ಬೇರೆ ಬೇರೆ. ದೊಡ್ಡ ಕಿಟ್ ಎರಡಕ್ಕೂ ಮೊದಲ ಔಷಧಿ ಅಲ್ಲ.

ಬದಿಯಡ್ಕ_ಪುಂಟೋ

ಮೆತ್ತಗಿತ್ತು, ಪೂರಾ ಸ್ಪಂಜು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಮುಕ್ಕಾಲು ಪಾಲು ಸರಿಯಾಯಿತು. ಪಾಲಕ್ಕಾಡ್ ದಾರಿಯಾಗಿ ಊರಿಗೆ ಬರುವಾಗ ಏನೂ ತೊಂದರೆ ಇರಲಿಲ್ಲ. ಪ್ಯಾಡ್ ಮಾಮೂಲಿ, ರಸ್ತೆಗೆ ಹಾಕುವುದು. ಆಯಿಲ್... ನಾನು ಕಾರು ತಗೊಂಡ ಮೇಲೆ ಬದಲಿಸಿಲ್ಲ. ಎರಡು ಮಳೆಗಾಲ ಕಳೆಯಿತು. ಅದರ ಹಿಂದಿನದ್ದು ಹಳೆಯ ಓನರಿಗೇ ಗೊತ್ತು.

ಹೊಸೂರು_ಮೂರನೇಗೇರ್

ಸಿಕ್ಕಿತು ನೋಡಿ. ನಿಮ್ಮೂರಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಮೀ ಮಳೆ. ಉಪ್ಪಿನ ಡಬ್ಬಿಯೇ ನೀರು ಬಿಡುವ ಊರು. ಬ್ರೇಕ್ ಆಯಿಲ್ ಕೂಡ ಉಪ್ಪಿನ ಹಾಗೆಯೇ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲಿನ ಗ್ರೇಡು. ಡಾಟ್ 4 ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು. ಅದೇ ನೂರಕ್ಕೆ 3.7ರಷ್ಟು ನೀರು ಸೇರಿದರೆ 155 ಡಿಗ್ರಿ ತಡೆದರೂ ಪಾಸು. ಡಾಟ್ 3ಕ್ಕೆ ಈ ಲೆಕ್ಕ 205 ಮತ್ತು 140. ಡಾಟ್ 5.1ಕ್ಕೆ 260 ಮತ್ತು 180. ಹೆಸರು ನೋಡಿ ಡಾಟ್ 5 ತಂದು ಸುರಿಯಬೇಡಿ, ಅದು ಸಿಲಿಕೋನಿನದ್ದು, ಇವುಗಳ ಜೊತೆ ಸೇರುವುದಿಲ್ಲ.

ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸಲಿಕ್ಕೇ ಹೋಯಿತು. ತಣ್ಣಗಾದರೆ ಆವಿ ಮತ್ತೆ ದ್ರವ, ಪೆಡಲ್ ವಾಪಸ್ಸು. ನಿಮಗೆ ಆದದ್ದೂ ಹಾಗೇ ಅಲ್ವಾ.

ಶಾಖ ಎಷ್ಟು ಅಂತ ಒಂದು ಅಂದಾಜು ಕೊಡುತ್ತೇನೆ. ಕಾರು, ನೀವು, ಪೆಟ್ರೋಲು ಎಲ್ಲ ಸೇರಿ 1300 ಕೆಜಿ ಅಂತಿಟ್ಟುಕೊಳ್ಳಿ. ಸ್ಪೀಡು 120ರಿಂದ 60ಕ್ಕೆ ಒಂದು ಸಲ ಇಳಿಸಿದರೆ 540 ಕಿಲೋಜೌಲ್ ಹತ್ತಿರ. ಒಂದೂ ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕಿಗೇ. ಒಂದು ಸುತ್ತಿಗೆ ಇಂಥದ್ದು ಎಷ್ಟು ಸಲ ಅಂತ ನೀವೇ ಎಣಿಸಿ. ಡಿಸ್ಕ್ ದೊಡ್ಡದಾದರೆ ಈ ಶಾಖ ಕಡಿಮೆಯಾಗುವುದಿಲ್ಲ, ಹಿಡಿದಿಟ್ಟುಕೊಳ್ಳುವ ಪಾತ್ರೆ ದೊಡ್ಡದಾಗುತ್ತದೆ ಅಷ್ಟೇ. 145 ಪಿಎಸ್‌ಗೆ ಸದ್ಯಕ್ಕೆ ಇರುವ ಪಾತ್ರೆ ಸಾಕು.

ಮಾಡಬೇಕಾದ್ದು: ಒಳ್ಳೆಯ ಡಾಟ್ 4 ಆಯಿಲ್, ಒಣ (ತೇವ ಸೇರದ) ಕುದಿಬಿಂದು 300 ದಾಟುವಂಥದ್ದು. ಟ್ರ್ಯಾಕ್ ಮತ್ತು ರಸ್ತೆ ಎರಡಕ್ಕೂ ಆಗುವ ಪ್ಯಾಡ್ ಮುಂದಕ್ಕೆ. ಹಳೆ ಆಯಿಲ್ ಪೂರ್ತಿ ಹೊರಗೆ ಬರುವವರೆಗೆ ನಾಲ್ಕೂ ಚಕ್ರದಿಂದ ಬಿಡಿಸಿ. ನಮ್ಮ ಬಲಗೈ ಸ್ಟೇರಿಂಗಿಗೆ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಮ್ಯಾನುಯಲ್ ಬೇರೆ ಹೇಳಿದರೆ ಅದನ್ನೇ ಕೇಳಿ. ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ. ಎಬಿಎಸ್ ಒಳಗೆ ಗಾಳಿ ಹೋದರೆ ಸ್ಕ್ಯಾನರ್ ಹಾಕದೆ ತೆಗೆಯುವುದು ಕಷ್ಟ.

ಸೊಲ್ಲಾಪುರ_ಡ್ಯಾಂಪರ್

ಬ್ರೇಕಿನ ಮಾತು ಹೊಸೂರಿನವರು ಹೇಳಿದ್ದು ಖರೆ. ಸ್ಪ್ರಿಂಗಿನ ಬಗ್ಗೆ ನನ್ನದೊಂದು ಮಾತು ಕೇಳ್ರಿ.

ನೀವು 35 ಮಿಮೀ ತಗ್ಗಿಸಿದಿರಿ, ಶಾಕ್ಸ್ ಹಳೆಯದೇ ಇಟ್ಟಿರಿ. ಶಾಕಿನ ರಾಡು ಒಳಗೆ ಹೋಗುವ ಜಾಗದಲ್ಲಿ 35 ಮಿಮೀ ಹತ್ತಿರ ನಿಂತಲ್ಲೇ ಖರ್ಚಾಯಿತು. ಉಳಿದದ್ದು ಎಷ್ಟು ಅಂತ ನೋಡಲು ಎರಡು ರೂಪಾಯಿಯ ಉಪಾಯ ಇದೆ. ವೈರ್ ಕಟ್ಟುವ ಪ್ಲಾಸ್ಟಿಕ್ ಟ್ಯಾಗ್ ಬರುತ್ತದಲ್ಲ, ಅದನ್ನು ಶಾಕಿನ ರಾಡಿಗೆ ಸುತ್ತಿ, ಸ್ವಲ್ಪ ಬಿಗಿ ಮಾಡಿ, ಕೆಳಗೆ ಸಿಲಿಂಡರಿನ ಬಾಯಿಗೆ ತಳ್ಳಿಬಿಡಿ. ಕಾರು ಓಡಿಸಿ ಬನ್ನಿ. ರಾಡು ಎಲ್ಲಿವರೆಗೆ ಒಳಗೆ ಹೋಗಿತ್ತೋ ಟ್ಯಾಗ್ ಅಲ್ಲಿ ನಿಂತಿರುತ್ತದೆ. ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ಬಂಪ್ ಸ್ಟಾಪಿನ ರಬ್ಬರಿಗೆ ಅಂಟಿಕೊಂಡಿದ್ದರೆ ತಿಳಿಯಿರಿ, ನಿಮ್ಮ ಕಾರು ಸ್ಪ್ರಿಂಗಿನ ಮೇಲಲ್ಲ, ರಬ್ಬರಿನ ಮೇಲೆ ಓಡುತ್ತಿದೆ. ತಿರುವಿನ ನಡುವೆ ರಬ್ಬರಿಗೆ ತಾಗಿದರೆ ಆ ಚಕ್ರ ಒಮ್ಮೆಲೆ ಬಿರುಸಾಗಿ ಜಾರುತ್ತದೆ.

ಇನ್ನೊಂದು, ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದು ಎರಡು ಸುತ್ತು ಹೋಗಿ ಬನ್ನಿ. ಸುಣ್ಣ ಎಲ್ಲಿವರೆಗೆ ಅಳಿಸಿದೆ ನೋಡಿ. ಭುಜ ದಾಟಿ ಗೋಡೆವರೆಗೆ ಅಳಿಸಿದ್ದರೆ ಟೈರು ಮಡಚುತ್ತಿದೆ. ಗಾಳಿ ಕಡಿಮೆ, ಇಲ್ಲಾ ಕ್ಯಾಂಬರ್ (ಚಕ್ರದ ಓರೆ) ಸಾಲದು.

ಬದಿಯಡ್ಕ_ಪುಂಟೋ

ಹೊಸೂರಣ್ಣ, ಆಯಿಲ್ ಕೆಲಸ ಆಯಿತು. ನಿನ್ನೆ ಅಂಗಳದಲ್ಲಿ ನಾನೂ ತಮ್ಮನೂ ಕೂತು ಮಾಡಿದೆವು. ಅವನು ಪೆಡಲ್, ನಾನು ಚಕ್ರದ ಹತ್ತಿರ ಆಯಿಲ್ ಬಿಡುವ ನಿಪ್ಪಲ್. "ಒತ್ತು", "ಹಿಡಿ", "ಬಿಡು" ಅಂತ ಎರಡು ಗಂಟೆ ಕೂಗಿ ಕೂಗಿ ಗಂಟಲು ಹೋಯಿತು. ಹಿಂದಿನ ಎಡದಿಂದ ಬಂದ ಆಯಿಲ್ ಕಟ್ಟಂಚಾಯದ (ಹಾಲಿಲ್ಲದ ಚಹಾದ) ಬಣ್ಣ. ಮುಂದಿನ ಬಲದ್ದು ಇನ್ನೂ ಕಪ್ಪು, ಪಾರದರ್ಶಕ ಪೈಪಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳ ಸಾಲು. ಒಂದು ಹನಿ ಬಂಪರಿನ ಪೈಂಟಿಗೆ ಬಿದ್ದದ್ದನ್ನು ನೋಡಲಿಲ್ಲ, ಬೆಳಿಗ್ಗೆ ಅಲ್ಲಿ ಬಿಳಿ ಕಲೆ. ಬೇರೆಯವರು ಮಾಡುವಾಗ ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಿ, ಬಿದ್ದ ಕೂಡಲೇ ತೊಳೆಯಿರಿ.

ಸೊಲ್ಲಾಪುರದವರ ಟ್ಯಾಗ್ ಪರೀಕ್ಷೆಯೂ ಮಾಡಿದೆ. ಪೆರ್ಲದವರೆಗೆ ನಿಧಾನಕ್ಕೆ ಹೋಗಿ ಬಂದದ್ದು ಅಷ್ಟೇ, ಟ್ಯಾಗ್ ರಬ್ಬರಿನ ಕಾಲ ಬುಡದಲ್ಲಿ! ಸ್ಪ್ರಿಂಗ್ ತೆಗೆದು ಕಂಪನಿಯದ್ದೇ ಹಾಕುತ್ತೇನೆ. ಮುಂದಿನ ವಾರ ಮತ್ತೆ ಕರಿ ಟ್ರ್ಯಾಕಿಗೆ.

ಹೊಸೂರು_ಮೂರನೇಗೇರ್

ಹೊಸ ಪ್ಯಾಡ್ ಪಳಗಿಸಿಕೊಂಡೇ ಹೋಗಿ. 80ರಿಂದ 20ಕ್ಕೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸಬಾರದು. ಆಮೇಲೆ ಬ್ರೇಕ್ ಮುಟ್ಟದೆ ಐದಾರು ಕಿಲೋಮೀಟರ್ ಓಡಿಸಿ ತಣಿಸಿ. ಹಿಂದೆ ಮುಂದೆ ಯಾರೂ ಇಲ್ಲದ ರಸ್ತೆ ಆಗಬೇಕು. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲೊಂದು ಪದರ ಅಂಟುತ್ತದೆ. ಆಮೇಲೆ ಸ್ಟೇರಿಂಗ್ ನಡುಗಿದರೆ "ಡಿಸ್ಕ್ ಸೊಟ್ಟ" ಅಂತ ಗ್ಯಾರೇಜಿನವರು ಹೇಳುತ್ತಾರೆ. ಬಹಳ ಸಲ ಡಿಸ್ಕ್ ಸೊಟ್ಟ ಆಗಿರುವುದಿಲ್ಲ, ಆ ಪದರವೇ ಕಾರಣ. ಅದಕ್ಕೇ ಟ್ರ್ಯಾಕಿಂದ ಬಂದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

ಬದಿಯಡ್ಕ_ಪುಂಟೋ

ಹೋಗಿ ಬಂದೆ. ಅರ್ಧ ಸಂತೋಷ, ಅರ್ಧ ತಲೆಬಿಸಿ.

ಎಂಟು ಸುತ್ತು ಎಳೆದರೂ ಸ್ಪಂಜು ಇಲ್ಲ. ಆದರೆ ಹೊಸ ರೋಗ. ಬಲಕ್ಕೆ ಉದ್ದ ತಿರುಗಿ ಹೊರಗೆ ಬಂದು ಮೊದಲ ಸಲ ಬ್ರೇಕ್ ಒತ್ತಿದರೆ ಪೆಡಲ್ ಅರ್ಧ ಖಾಲಿ. ಎರಡನೇ ಸಲ ಒತ್ತಿದರೆ ಕಲ್ಲು! ಬೇರೆ ಜಾಗದಲ್ಲಿ ಸರಿ. ಗಾಳಿ ಉಳಿದಿದೆ ಅಂತ ಪಿಟ್‌ನಲ್ಲೇ ಮತ್ತೆ ಆಯಿಲ್ ಬಿಡಿಸಿದೆ, ಒಂದು ಗುಳ್ಳೆಯೂ ಬರಲಿಲ್ಲ. ಪಕ್ಕದಲ್ಲಿದ್ದವರೊಬ್ಬರು "ಮಾಸ್ಟರ್ ಸಿಲಿಂಡರ್ ಹೋಗಿದೆ" ಎಂದರು, ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಭಾಗ. ಹೌದಾ?

ಮಡಕಶಿರಾ_ಮೆಕ್ಯಾನಿಕ್

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಒಂದು ಕೇಳಲಾ? ರಸ್ತೆಯಲ್ಲಿ 60 ದಾಟಿದ ಮೇಲೆ ಗುಂಯ್ ಅಂತ ಶಬ್ದ ಬರುತ್ತಾ? ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಜಾಸ್ತಿ, ಎಡಕ್ಕೆ ತಿರುಗಿಸಿದರೆ ಕಡಿಮೆ?

ಬದಿಯಡ್ಕ_ಪುಂಟೋ

ಬರುತ್ತದೆ! ಟೈರಿನ ಶಬ್ದ ಅಂತ ಮಾಡಿದ್ದೆ. ನಿಮಗೆ ಹೇಗೆ ಗೊತ್ತಾಯಿತು?

ಮಡಕಶಿರಾ_ಮೆಕ್ಯಾನಿಕ್

ಮಾಸ್ಟರ್ ಸಿಲಿಂಡರ್ ಹೋಗಿದ್ದರೆ ನಿಂತಾಗಲೂ ಪೆಡಲ್ ಮೇಲೆ ಕಾಲಿಟ್ಟರೆ ಮೆಲ್ಲಗೆ ಇಳಿಯುತ್ತಾ ಹೋಗಬೇಕು. ನಿಮ್ಮದು ಒಂದೇ ಜಾಗದಲ್ಲಿ, ಎರಡನೇ ಒತ್ತಿಗೆ ಸರಿ. ಇದು ಚಕ್ರದ ಬೇರಿಂಗ್.

ಬಲಕ್ಕೆ ತಿರುಗುವಾಗ ಭಾರ ಎಲ್ಲ ಎಡ ಚಕ್ರಕ್ಕೆ. ಆ ಬೇರಿಂಗ್ ಸವೆದಿದ್ದರೆ ಡಿಸ್ಕು ಕೂದಲೆಳೆಯಷ್ಟು ಓಲಾಡುತ್ತದೆ. ಓಲಾಡಿದ ಡಿಸ್ಕು ಪ್ಯಾಡನ್ನು, ಪಿಸ್ಟನನ್ನು ಹಿಂದಕ್ಕೆ ತಳ್ಳುತ್ತದೆ. ಮುಂದಿನ ಸಲ ಬ್ರೇಕ್ ಒತ್ತಿದಾಗ ಮೊದಲ ಒತ್ತು ಪಿಸ್ಟನನ್ನು ವಾಪಸ್ಸು ತರಲಿಕ್ಕೇ ಖರ್ಚು. ಎರಡನೇ ಒತ್ತಿಗೆ ಹಿಡಿತ.

ಎಡ ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಎರಡು ಕೈ ಹಿಡಿದು ಅಲ್ಲಾಡಿಸಿ. ಆಮೇಲೆ ಸ್ಪ್ರಿಂಗಿನ ಮೇಲೆ ಒಂದು ಕೈ ಇಟ್ಟು ಇನ್ನೊಂದು ಕೈಯಿಂದ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ದರೆ ಸ್ಪ್ರಿಂಗಿನಲ್ಲಿ ಮರಳು ಅರೆದ ಹಾಗೆ ಕೈಗೆ ಗೊತ್ತಾಗುತ್ತದೆ.

ಆ ಕಿಟ್ ಹಾಕಿಸದೇ ಇದ್ದದ್ದು ಪುಣ್ಯ. ಕಂಪನಿಯ ಕ್ಯಾಲಿಪರ್ ಪಿನ್ನಿನ ಮೇಲೆ ಜಾರುತ್ತದೆ, ಡಿಸ್ಕ್ ಓಲಾಡಿದರೆ ಸ್ವಲ್ಪ ಅದರ ಜೊತೆ ಹೋಗುತ್ತದೆ. ನಾಲ್ಕು ಪಿಸ್ಟನಿನದ್ದು ಗಟ್ಟಿಯಾಗಿ ಬೋಲ್ಟ್ ಆಗಿರುತ್ತದೆ. ಇದೇ ಬೇರಿಂಗಿನ ಮೇಲೆ ಅದನ್ನು ಕೂರಿಸಿದ್ದರೆ ಪೆಡಲ್ ಇನ್ನೂ ಕೆಳಗೆ ಹೋಗುತ್ತಿತ್ತು.

ಮತ್ತೊಂದು ಸಂಶಯ. ಚಕ್ರ ಹೊರಗೆ ಬರಲಿ ಅಂತ ಅದರ ಹಿಂದೆ ಕೂರುವ ಬಿಲ್ಲೆ, ಸ್ಪೇಸರ್, ಏನಾದರೂ ಹಾಕಿದ್ದೀರಾ?

ಬದಿಯಡ್ಕ_ಪುಂಟೋ

...ಹಾಕಿದ್ದೇನೆ. 20 ಮಿಮೀ. ಹೇಳಲು ಮರೆತದ್ದು.

ಸೊಲ್ಲಾಪುರ_ಡ್ಯಾಂಪರ್

ಇದನ್ನ ಮೊದಲ ದಿನವೇ ಹೇಳೋದಲ್ಲೇನ್ರಿ! ಚಕ್ರ ಹೊರಗೆ ಹೋದಷ್ಟೂ ಬೇರಿಂಗಿಗೆ ಸನ್ನೆಕೋಲು ಉದ್ದ.

ಬದಿಯಡ್ಕ_ಪುಂಟೋ

ಬೈಯಿರಿ, ಬೈಸಿಕೊಳ್ಳುತ್ತೇನೆ.

ಎಡ ಬೇರಿಂಗ್ ಸತ್ತಿತ್ತು. ಅಲ್ಲಾಡಿಸಿದರೆ ಟಕ್ ಟಕ್, ಸ್ಪ್ರಿಂಗ್ ಮೇಲೆ ಕೈಯಿಟ್ಟರೆ ಮಡಕಶಿರಾದವರು ಹೇಳಿದ ಹಾಗೇ ಮರಳು. ಬಲದ್ದೂ ಒಟ್ಟಿಗೇ ಬದಲಿಸಿದೆ, ಸ್ಪೇಸರ್ ತೆಗೆದೆ. ಕಿಟ್ಟಿನ ಒಂದೂವರೆ ಲಕ್ಷದ ಎದುರು ಎಲ್ಲ ಸೇರಿ ಆದ ಖರ್ಚನ್ನು ಮನೆಯಲ್ಲಿ ಧೈರ್ಯವಾಗಿ ಹೇಳಬಹುದು. ಹೆದ್ದಾರಿಯಲ್ಲಿ ಗುಂಯ್ ಪೂರಾ ಹೋಗಿದೆ.

ಇನ್ನು ಕ್ಯಾಂಬರ್. ಸುಣ್ಣದ ಪರೀಕ್ಷೆಯಲ್ಲಿ ಮುಂದಿನ ಟೈರಿನ ಹೊರಭುಜ ಪೂರ್ತಿ ಅಳಿಸಿತ್ತು. ಶಾಕ್ಸ್ ಕೂಡ ಯಾವುದಾದರೂ ಒಳ್ಳೆಯದು ಬೇಕು.

ಸೊಲ್ಲಾಪುರ_ಡ್ಯಾಂಪರ್

ಶಾಕ್ಸ್ ಮತ್ತು ಸ್ಪ್ರಿಂಗ್ ಒಟ್ಟಿಗೇ ಬರುವ ಸೆಟ್ ನೋಡಿ, ಒಂದಕ್ಕೊಂದು ಹೊಂದಿರುತ್ತದೆ. 15 ಮಿಮೀಗಿಂತ ಜಾಸ್ತಿ ತಗ್ಗಿಸಬೇಡಿ, ನಿಮ್ಮೂರ ಗುಡ್ಡದ ರಸ್ತೆಗೆ ಅದೇ ಜಾಸ್ತಿ. ಅಲೈನ್‌ಮೆಂಟಿನಲ್ಲಿ ಮುಂದಕ್ಕೆ ಮೈನಸ್ ಒಂದೂವರೆ ಡಿಗ್ರಿ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದ್ದು) ಸಿಕ್ಕರೆ ಸಾಕು. ಮೈನಸ್ ಮೂರು ಅಂತ ಹೋದರೆ ಕೊಯಮತ್ತೂರಿಗೆ ಹೋಗಿ ಬರುವುದರೊಳಗೆ ಒಳಭುಜ ಬೋಳು.

ಹೊಸೂರು_ಮೂರನೇಗೇರ್

ಎರಡು ವಿಷಯ, ಯಾರೂ ಹೇಳಿಲ್ಲ. ಮಾಮೂಲಿ ಕಾರ್ ಇನ್ಶೂರೆನ್ಸ್‌ನಲ್ಲಿ ರೇಸ್, ಸ್ಪೀಡ್ ಟೆಸ್ಟಿಂಗ್‌ಗೆ ರಕ್ಷಣೆ ಇರುವುದಿಲ್ಲ. ಮಣ್ಣಿಗೆ ಹೋದಾಗ ಬಂಪರ್ ಒಡೆದಿದ್ದರೆ ನಿಮ್ಮ ಜೇಬೇ ಗತಿ. ಮತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿಕೊಳ್ಳಿ, ಕೇರಳದಲ್ಲಿ ಮಾರ್ಪಾಡು ಕಂಡರೆ ಸುಮ್ನೆ ಬಿಡುವುದಿಲ್ಲ.

ಮುಂದಿನ ಸಲ ಚೆನ್ನೈ ಕಡೆಯ ಇರುಂಗಾಟುಕೋಟೈ ಟ್ರ್ಯಾಕಿಗೆ ಬನ್ನಿ. 3.7 ಕಿಲೋಮೀಟರ್, ನೇರ ದಾರಿ ಉದ್ದ, ಬ್ರೇಕಿಗೆ ಉಸಿರಾಡಲು ಸಮಯ ಸಿಗುತ್ತದೆ. ಆದರೆ ಒತ್ತುವಾಗ ಸ್ಪೀಡೂ ಜಾಸ್ತಿ. ಹೋಗುವ ಮೊದಲು ಆಯಿಲ್ ಮತ್ತೆ ಹೊಸದು. ರೇಸ್ ಆಯಿಲ್ ಬೇಗ ತೇವ ಎಳೆಯುತ್ತದೆ.

ಆ ಸ್ಪೇಸರ್ ಏನು ಮಾಡಿದಿರಿ? ಮಾರುವುದಿದ್ದರೆ ಇಲ್ಲಿ ಹಾಕಬೇಡಿ.

ಬದಿಯಡ್ಕ_ಪುಂಟೋ

ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದೇವೆ. ಟಾರ್ಪಾಲಿನ ನಾಲ್ಕು ಮೂಲೆಗೆ ನಾಲ್ಕು ಸ್ಪೇಸರ್. ಗಾಳಿಗೆ ಒಂದೂ ಹಾರಿಲ್ಲ.