ಕಲನಶಾಸ್ತ್ರ (ಕ್ಯಾಲ್ಕುಲಸ್) ಕಲಿಯಲು ಅಂತರ್ಜಾಲದಲ್ಲಿ ಯಾವ ಪಾಠಗಳು ಉಪಯುಕ್ತ?

ಪ್ರಶ್ನೆ:
ಮಾನ್ಯರೇ, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯ ಮೂಲಕ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಿದ್ದೇನೆ. ಅವಕಲನ (ಡಿಫರೆನ್ಸಿಯೇಷನ್), ಅನುಕಲನಗಳ (ಇಂಟಿಗ್ರೇಷನ್) ಸೂತ್ರಗಳು ಬಾಯಿಪಾಠವಾಗಿದ್ದರೂ ಅವು ಎಲ್ಲಿಂದ ಬಂದವೆಂಬುದು ತಿಳಿದಿಲ್ಲ. ಹಣ ತೆರದೆ ಕಲಿಯಬಹುದಾದ ಪಾಠಗಳನ್ನು ದಯವಿಟ್ಟು ಸೂಚಿಸಿ.

ಉತ್ತರ 1:
ನಿಮ್ಮ ಕೊರತೆ ಅರ್ಥಕ್ಕೆ ಸಂಬಂಧಿಸಿದ್ದರಿಂದ, ಯೂಟ್ಯೂಬ್‌ನ ತ್ರೀಬ್ಲೂಒನ್‌ಬ್ರೌನ್ ವಾಹಿನಿಯಲ್ಲಿ 2017ರಲ್ಲಿ ಬಂದ ಕಲನಶಾಸ್ತ್ರದ ಸರಣಿಯಿಂದ ಆರಂಭಿಸಿ. r ತ್ರಿಜ್ಯದ ವೃತ್ತವನ್ನು ತೆಳುವಾದ ಉಂಗುರಗಳಾಗಿ ಬಿಡಿಸಿ, ಅವನ್ನು ನೇರಗೊಳಿಸಿ ಸಾಲಾಗಿ ಜೋಡಿಸಿದಾಗ ತ್ರಿಭುಜ ಮೂಡುವುದನ್ನೂ, ಅದರ ಎತ್ತರ 2πr, ಪಾದ r ಆಗಿರುವುದರಿಂದ ವಿಸ್ತೀರ್ಣ πr² ಆಗುವುದನ್ನೂ ಅಲ್ಲಿ ಕಣ್ಣಾರೆ ಕಾಣಬಹುದು. ಅನುಕಲನದ ಮೂಲ ಕಲ್ಪನೆಯೇ ಇದು. ಆದರೆ ನೋಡುವುದರಿಂದಷ್ಟೇ ಲೆಕ್ಕ ಬರುವುದಿಲ್ಲ. ಅಭ್ಯಾಸಕ್ಕೆ ಲಾಮಾರ್ ವಿಶ್ವವಿದ್ಯಾಲಯದ ಪಾಲ್ ಡಾಕಿನ್ಸ್ ಅವರ ಟಿಪ್ಪಣಿಗಳನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಅಲ್ಲಿನ ಅಭ್ಯಾಸ ಲೆಕ್ಕಗಳಿಗೆ ಹಂತಹಂತದ ಪರಿಹಾರಗಳಿವೆ. ಬೀಜಗಣಿತ ಮತ್ತು ತ್ರಿಕೋನಮಿತಿಯ ಪುನರಾವಲೋಕನವೂ ಇದೆ.

ಉತ್ತರ 2:
ತರಗತಿಯ ಶಿಸ್ತು ಬೇಕೆನಿಸಿದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಉಚಿತ ಪಾಠಗಳ ತಾಣವಾದ ಓಪನ್‌ಕೋರ್ಸ್‌ವೇರ್‌ನಲ್ಲಿ 18.01 ಸಂಖ್ಯೆಯ ಕಲನಶಾಸ್ತ್ರ ಪಠ್ಯಕ್ರಮವನ್ನು ನೋಡಿ. ಉಪನ್ಯಾಸಗಳ ಜೊತೆಗೆ ಪರೀಕ್ಷೆಗಳೂ ಉತ್ತರಗಳೂ ಉಚಿತ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಇಂಗ್ಲಿಷ್ ಉಪನ್ಯಾಸಗಳ ವೇಗ ನನಗೆ ಕಷ್ಟವಾಗುತ್ತದೆ. ಏನು ಮಾಡಲಿ?

ಉತ್ತರ 3:
ಮೊದಲು ಎನ್‌ಸಿಇಆರ್‌ಟಿಯ ಹನ್ನೊಂದು, ಹನ್ನೆರಡನೆಯ ತರಗತಿಗಳ ಗಣಿತ ಪುಸ್ತಕಗಳನ್ನು ಅವರ ಜಾಲತಾಣದಿಂದ ಇಳಿಸಿಕೊಂಡು ನಿಧಾನವಾಗಿ ಓದಿ. ಓದಿಗೆ ವೇಗದ ಒತ್ತಡವಿಲ್ಲ. ಅವಕಲನಕ್ಕೆ ತಳಹದಿಯಾದ ಲಿಮಿಟ್ (ಮಿತಿ) ಅಧ್ಯಾಯವನ್ನಂತೂ ಬಿಡಲೇಬೇಡಿ. ಜೊತೆಗೆ ನಕ್ಷೆ ಬರೆಯುವ ಜಾಲತಾಣವಾದ ಡೆಸ್ಮೋಸ್‌ನಲ್ಲಿ y = x² ವಕ್ರರೇಖೆಯನ್ನು ಬರೆದು, ಒಂದು ಬಿಂದುವಿನ ಸುತ್ತ ಹಿಗ್ಗಿಸುತ್ತಾ ಹೋಗಿ: ಅದು ಸರಳರೇಖೆಯಂತೆ ಕಾಣತೊಡಗುತ್ತದೆ, ಆ ರೇಖೆಯ ಇಳಿಜಾರೇ ಅಲ್ಲಿನ ಅವಕಲನದ ಬೆಲೆ.