ಗುಲ್ಮದಲ್ಲಿ ಚುಕ್ಕೆ ತುಂಬಿವೆ, ಮೂಳೆ ಮಜ್ಜೆಯಲ್ಲಿ ಒಂದೂ ಇಲ್ಲ: ಎಲಿಸ್ಪಾಟ್ ಸಹಾಯ ಬೇಕು

ಬಾಗಲಕೋಟೆ_ಬಯೋ: ಇಲಿಗಳಿಗೆ ಮೊದಲ ಸಲ ಟೆಟನಸ್ ಟಾಕ್ಸಾಯ್ಡ್ (ಟೆಟನಸ್ ಲಸಿಕೆ) ಕೊಟ್ಟು 8ನೇ ದಿನ ಎಲಿಸ್ಪಾಟ್ ಮಾಡಿದೆ, ಅಂದರೆ ಆಂಟಿಬಾಡಿ ಬಿಡೋ ಒಂದೊಂದು ಕೋಶವನ್ನೂ ಒಂದೊಂದು ಚುಕ್ಕೆಯಾಗಿ ತೋರಿಸೋ ಪರೀಕ್ಷೆ. ಪ್ಲೇಟಿನಲ್ಲಿ ಗುಲ್ಮದ (ಸ್ಪ್ಲೀನ್) ಕೋಶ ಹಾಕಿದ ಗುಂಡಿಗಳಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ. ಮಜ್ಜೆಯದ್ದು ಖಾಲಿ. ತೊಡೆ ಮೂಳೆಯ ಎರಡೂ ತುದಿ ಕತ್ತರಿಸಿ, 26 ಗೇಜ್ ಸೂಜಿಯಿಂದ ಮೀಡಿಯಂ ತಳ್ಳಿ, ಮೂಳೆ ಬೆಳ್ಳಗಾಗೋವರೆಗೂ ತೊಳೆದಿದ್ದೇನೆ. ಆಮೇಲೆ ಐಸ್ ಡಬ್ಬ ಹಿಡಿದು ಬಸ್ಸಲ್ಲಿ ಬೆಳಗಾವಿಗೆ ಹೊರಟರೆ ಲೋಕಾಪುರದ ಹತ್ತಿರ ಬಸ್ ಕೆಟ್ಟು ಒಂದು ತಾಸು ನಿಂತಿತು, ಕೆಂಡದಂಥ ಬಿಸಿಲು. ಕೋಶಗಳು ಅಲ್ಲೇ ಸತ್ತವಾ?

ಗುಮ್ಮಟದ_ಹುಡುಗ: ಮತ್ತೇನು, ಬಸ್ಸೇ ಕಾರಣ. ಜೀವ ಇರೋ ಕೋಶ ಆಂಟಿಬಾಡಿ ಬಿಟ್ಟರೆ ತಾನೇ ಚುಕ್ಕೆ.

ಶಹಾಪುರ_ಅಕ್ಕ: ತಮ್ಮಾ, ತಡಿ. ಗುಲ್ಮವೂ ಅದೇ ಡಬ್ಬದಲ್ಲಿ ಬಂತಲ್ವಾ? ತಂಗಿ, ಒಟ್ಟು ಐಜಿಜಿ, ಅಂದರೆ ಯಾವುದರ ವಿರುದ್ಧದ್ದಾದರೂ ಸರಿ ಆ ಬಗೆಯ ಆಂಟಿಬಾಡಿ ಎಲ್ಲಾ ಹಿಡಿಯೋ ಗುಂಡಿ ಇಟ್ಟಿದ್ದೆಯಾ?

ಬಾಗಲಕೋಟೆ_ಬಯೋ: ಇಟ್ಟಿದ್ದೆ ಅಕ್ಕಾ. ಅದರಲ್ಲಿ ಮಜ್ಜೆಯದ್ದೂ ಚೆನ್ನಾಗೇ ಬಂದಿದೆ. ಟೆಟನಸ್ ಆಂಟಿಬಾಡಿ ಹಿಡಿಯೋಕೆ ಟಾಕ್ಸಾಯ್ಡ್ ಬಳಿದ ಗುಂಡಿ ಮಾತ್ರ ಖಾಲಿ.

ಶಹಾಪುರ_ಅಕ್ಕ: ಹಾಗಾದರೆ ಬಸ್ಸಿನ ತಪ್ಪೂ ಇಲ್ಲ, ನಿನ್ನ ಕೈಯ ತಪ್ಪೂ ಇಲ್ಲ. ಮಜ್ಜೆಯ ಹಳೇ ಪ್ಲಾಸ್ಮಾ ಕೋಶಗಳು (ಆಂಟಿಬಾಡಿ ಬಿಡೋ ಕೋಶಗಳು) ಬದುಕಿವೆ, ಟೆಟನಸ್‌ನವು ಇನ್ನೂ ಬಂದೇ ಇಲ್ಲ. ಅವು ಹುಟ್ಟೋದು ಗುಲ್ಮದಲ್ಲಿ, ಲಿಂಫ್ ಗಂಟುಗಳಲ್ಲಿ. ಅಲ್ಲಿಂದ ರಕ್ತಕ್ಕಿಳಿದು ಸುತ್ತುತ್ತವೆ. ಮಜ್ಜೆಯ ಸ್ಟ್ರೋಮಾ (ಆಸರೆ) ಕೋಶಗಳು ಸಿಎಕ್ಸ್‌ಸಿಎಲ್12 ಅನ್ನೋ ಸಂಕೇತ ಬಿಡುತ್ತವೆ, ಇವುಗಳ ಮೈಮೇಲಿನ ಸಿಎಕ್ಸ್‌ಸಿಆರ್4 ಅನ್ನೋ ಗ್ರಾಹಕ ಅದರ ಜಾಡು ಹಿಡಿಯುತ್ತೆ. ನಮ್ಮ ಕಡೆ ಗುಳೆ ಹೋದವರು ಮಳೆಗಾಲಕ್ಕೆ ಊರಿಗೆ ಬರ್ತಾರೆ, ಇವು ಹೋದಲ್ಲೇ ಮನೆ ಮಾಡುತ್ತವೆ. ಅಲ್ಲಿ ಏಪ್ರಿಲ್, ಐಎಲ್-6 ಅನ್ನೋ ಬದುಕಿಸೋ ಪ್ರೋಟೀನುಗಳು ಸಿಕ್ಕರೆ ಸಾಕು, ಒಡೆದು ಎರಡಾಗದೆ ಸುಮ್ನೆ ಕೂತು ಆಂಟಿಬಾಡಿ ಬಿಡುತ್ತಾ ತಿಂಗಳುಗಟ್ಟಲೆ ಇರುತ್ತವೆ. 1995ರಲ್ಲಿ ಸ್ಲಿಫ್ಕಾ, ಅಹ್ಮದ್ ಮತ್ತಿತರ ಸಂಶೋಧಕರು ಎಲ್‌ಸಿಎಂ ಅನ್ನೋ ವೈರಸ್ ಕೊಟ್ಟ ಇಲಿಗಳಲ್ಲಿ ನೋಡಿದ್ದೂ ಇದನ್ನೇ: 8ನೇ ದಿನದ ಹೊತ್ತಿಗೆ ಗುಲ್ಮ ತುಂಬಿರುತ್ತೆ, ಆಮೇಲೆ ಅದು ಇಳಿದು ಮಜ್ಜೆಯ ಪಾಲು ಜಾಸ್ತಿ ಆಗುತ್ತೆ.

35ನೇ ದಿನದ ನಂತರ ಮಾಡು. ಗುಂಡಿಗೆ ಎಷ್ಟು ಕೋಶ ಹಾಕಿದ್ದೆ?

ಬಾಗಲಕೋಟೆ_ಬಯೋ: 1 ಲಕ್ಷ.

ಶಹಾಪುರ_ಅಕ್ಕ: ಕಮ್ಮಿಯಾಯ್ತು. ಮಜ್ಜೆಯಲ್ಲಿ ಪ್ಲಾಸ್ಮಾ ಕೋಶ ನೂರಕ್ಕೆ ಒಂದೂ ಇರಲ್ಲ, ಅದರಲ್ಲಿ ಟೆಟನಸ್‌ನವು ಇನ್ನೂ ವಿರಳ. 5 ಲಕ್ಷ, 10 ಲಕ್ಷ ಹಾಕಿ ನೋಡು. ಮೊಣಕಾಲಿನ ಕೆಳಗಿನ ಮೂಳೆಯನ್ನೂ ಬಿಡಬೇಡ.

ಗುಮ್ಮಟದ_ಹುಡುಗ: ಲಸಿಕೆಯನ್ನ ನೆನಪಿಡೋ ಮೆಮೊರಿ ಬಿ ಕೋಶಗಳೂ ಇದರಲ್ಲೇ ಕಾಣ್ತವಾ?

ಶಹಾಪುರ_ಅಕ್ಕ: ಇಲ್ಲಪ್ಪ. ಅವು ತಾವಾಗಿ ಆಂಟಿಬಾಡಿ ಬಿಡಲ್ಲ, ಮೊದಲು ಕೆಲವು ದಿನ ಕೆದಕಿ ಎಬ್ಬಿಸಬೇಕು.

ಬಾಗಲಕೋಟೆ_ಬಯೋ: 40ನೇ ದಿನ ಮಾಡಿದೆ. ಗುಲ್ಮದಲ್ಲಿ ಬೆರಳೆಣಿಕೆಯಷ್ಟು, ಮಜ್ಜೆಯ 10 ಲಕ್ಷದ ಗುಂಡಿಯಲ್ಲಿ ಎಣಿಸೋ ಹಾಗೆ ಚುಕ್ಕೆ ಬಂದಿವೆ ಅಕ್ಕಾ! ಬಸ್ ಈ ಸಲವೂ ನಿಂತಿತ್ತು, ಯರಗಟ್ಟಿಯಲ್ಲಿ, ಚಹಾಕ್ಕೆ.